ನಲವತ್ತನಾಲ್ಕು ದಿನ

ಆ ಕೋಣೆಯಲ್ಲಿ ನಾನು ಹೇಳಿದ್ದು ಹೆಚ್ಚೆಂದರೆ ನಾಲ್ಕು ಮಾತು. ಮೂರು ಮಾತಿನಿಂದ ಯಾರಿಗೂ ಏನೂ ಆಗಲಿಲ್ಲ. ನಾಲ್ಕನೆಯದರಿಂದ ನನ್ನ ತಮ್ಮ ಪದ್ಮಯ್ಯನ ಆಪರೇಷನ್ ನಲವತ್ತನಾಲ್ಕು ದಿನ ಮುಂದೆ ಹೋಯಿತು. ಅದರಿಂದಲೇ ಅವನು ಹೋದನೋ, ಹೇಗಿದ್ದರೂ ಹೋಗುವವನೋ, ಇದೊಂದು ಗೊತ್ತಾದರೆ ಸಾಕು ಎಂದು ನಾನು ಕೇಳದ ಜನ ಇಲ್ಲ.

ಪದ್ಮಯ್ಯ ಬಸ್ಸಿನ ಡ್ರೈವರ್. ಮೂಡುಬಿದಿರೆಯಿಂದ ಹೊರಟು ವೇಣೂರು, ಬೆಳ್ತಂಗಡಿ, ಉಜಿರೆ ದಾಟಿ ಚಾರ್ಮಾಡಿಯವರೆಗೆ ಹೋಗಿ, ಘಾಟಿ ಹತ್ತದೆ ಅಲ್ಲಿಂದಲೇ ತಿರುಗಿ ಬರುವ ಬಸ್ಸು. ಇಪ್ಪತ್ತಾರು ವರ್ಷ ಅದೇ ದಾರಿ. ಮನೆ ಮೂಡುಬಿದಿರೆಯಲ್ಲಿ. ಹೆಂಡತಿ ಗುಲಾಬಿ, ಒಬ್ಬಳೇ ಮಗಳು ಸಾತ್ವಿಕಾ. ನಾನು ಇರುವುದು ಬಂಟ್ವಾಳದಿಂದ ಪೊಳಲಿಗೆ ಹೋಗುವ ದಾರಿಯಲ್ಲಿ, ಬೀಡಿ ಕಟ್ಟಿಕೊಂಡು. ನನ್ನ ಗಂಡ ತೀರಿದಾಗ ಮಗ ಸುಧಾಕರನಿಗೆ ಮೂರು ವರ್ಷ. ಆಮೇಲೆ ಅವನನ್ನು ಶಾಲೆಗೆ ಸೇರಿಸಿದ್ದು, ಮರದಿಂದ ಬಿದ್ದು ಕಾಲು ಮುರಿದಾಗ ಹೊತ್ತುಕೊಂಡು ಓಡಿದ್ದು, ಐಟಿಐ ಮಾಡಿಸಿದ್ದು, ಎಲ್ಲ ಪದ್ಮಯ್ಯ. ಅದನ್ನು ಉಪಕಾರ ಎಂದು ನಮ್ಮಲ್ಲಿ ಯಾರೂ ಕರೆಯುವುದಿಲ್ಲ. ನಮ್ಮದು ಅಳಿಯಕಟ್ಟು. ಕುಟುಂಬದ ಹೆಸರು ತಾಯಿಯಿಂದ ಬರುತ್ತದೆ. ಗಂಡಸಿಗೆ ಅಕ್ಕತಂಗಿಯ ಮಕ್ಕಳೇ ಕುಟುಂಬದವರು, ಸ್ವಂತ ಮಕ್ಕಳು ಹೆಂಡತಿಯ ಕುಟುಂಬಕ್ಕೆ ಸೇರಿದವರು. ಆಸ್ತಿಯ ವಿಷಯದಲ್ಲಿ ಸರ್ಕಾರ ಇದನ್ನು ಯಾವ ಕಾಲಕ್ಕೋ ತೆಗೆದುಹಾಕಿದೆ. ಈಗ ದೈವದ ಎದುರು ನಿಲ್ಲುವಾಗ, ಸೂತಕ ಹಿಡಿಯುವಾಗ, ಮತ್ತೆ ಬಾಯಿಮಾತಿನಲ್ಲಿ ಉಂಟು, ಅಷ್ಟೆ.

ಎರಡು ಸಾವಿರದ ಐದರಲ್ಲಿ ಉಜಿರೆಯ ಕಾಲೇಜೊಂದರಲ್ಲಿ ರಕ್ತದಾನದ ಕ್ಯಾಂಪ್ ಇತ್ತು. ಬಸ್ಸು ನಿಲ್ಲಿಸಿ ರಕ್ತ ಕೊಡಲು ಹೋದ ಪದ್ಮಯ್ಯನ ರಕ್ತ ಬೇಡ ಎಂದರು. ಹೆಪಟೈಟಿಸ್ ಬಿ ಎಂದು ಚೀಟಿ ಬಂತು. ಅದರ ಹಿಂದೆ ಹೋಗಿ ಸ್ಕ್ಯಾನ್ ಮಾಡಿಸಿದರೆ ಲಿವರ್ ಗಟ್ಟಿಯಾಗಿದೆ, ಅದರಲ್ಲಿ ಒಂದು ಗಡ್ಡೆ ಉಂಟು ಎಂದರು.

ಊರಿನವರಿಗೆ ಲಿವರ್ ಎಂದ ಕೂಡಲೇ ಒಂದೇ ಕಾರಣ ಗೊತ್ತು. ಪದ್ಮಯ್ಯ ಒಂದು ಹನಿ ಮುಟ್ಟಿದವನಲ್ಲ. ಬಸ್‌ಸ್ಟ್ಯಾಂಡಿನ ಹತ್ತಿರ ಅಂಗಡಿ ಇಟ್ಟಿದ್ದ ಮೊಯಿದಿನಬ್ಬ ಅವನ ಬಾಲ್ಯದ ಗೆಳೆಯ. ಯಾರಾದರೂ "ಡ್ರೈವರ್ ಅಲ್ವಾ, ಕುಡಿದಿರಬೇಕು" ಎಂದರೆ ಮೊಯಿದಿನಬ್ಬ, "ಹೌದು ಹೌದು, ಇಪ್ಪತ್ತಾರು ವರ್ಷ ನನ್ನ ಅಂಗಡಿಯ ಚಾ ಕುಡಿದಿದ್ದಾನೆ. ಕೇಸು ಹಾಕುವುದಾದರೆ ನನ್ನ ಮೇಲೆ ಹಾಕಿ" ಎನ್ನುತ್ತಿದ್ದ.

ಬೆಂಗಳೂರಿನ ಆಸ್ಪತ್ರೆಯಲ್ಲಿ ಸೂಜಿ ಹಾಕಿ ಗಡ್ಡೆಯ ಚೂರು ತೆಗೆದು ನೋಡಿದರು. ಲಿವರಿನದ್ದೇ ಕ್ಯಾನ್ಸರ್. ಒಂದೇ ಗಡ್ಡೆ, ಮೂರೂವರೆ ಸೆಂಟಿಮೀಟರ್, ಹೊರಗೆ ಎಲ್ಲಿಗೂ ಹರಡಿಲ್ಲ. ಇಂಥದ್ದಕ್ಕೆ ಲಿವರ್ ಬದಲಿಸಿದರೆ ಹೆಚ್ಚಿನವರು ಚೆನ್ನಾಗಿ ಬದುಕುತ್ತಾರೆ ಎಂದು ಡಾಕ್ಟರು ಹೇಳಿದರು. ಕೊಡುವವರು ಯಾರು? ಗುಲಾಬಿಯ ರಕ್ತದ ಗುಂಪು ಬೇರೆ. ಸಾತ್ವಿಕಾಳಿಗೆ ಹದಿನಾರು. ನನಗೆ ಅರವತ್ತು ದಾಟಿತ್ತು.

"ನಾನು ಕೊಡ್ತೇನೆ ಮಾವ" ಎಂದ ಸುಧಾಕರ. ಮೂಡುಬಿದಿರೆಯ ಮನೆಯ ಜಗಲಿಯಲ್ಲಿ ಎಲ್ಲರೂ ಕೂತಿದ್ದೆವು. ಅವನಿಗೆ ಆಗ ಇಪ್ಪತ್ತೇಳು. ಬಿ.ಸಿ. ರೋಡಿನಲ್ಲಿ ಪಂಪಿನ ಮೋಟಾರ್ ರಿಪೇರಿಯ ಕೆಲಸ.

"ಎಂತ ಕೊಡುವುದು? ಇದು ಮೋಟಾರಿನ ಪಾರ್ಟಾ?" ಎಂದ ಪದ್ಮಯ್ಯ.

"ಅರ್ಧ ಕೊಟ್ಟರೆ ಪುನಃ ಬೆಳೆಯುತ್ತದಂತೆ."

"ಹಲ್ಲಿಯ ಬಾಲದ ಹಾಗೆ."

"ಹೌದು. ಹಲ್ಲಿಯ ಬಾಲದ ಹಾಗೆ."

"ನಿನ್ನ ಮದುವೆ ಇನ್ನೂ ಆಗಬೇಕಷ್ಟೆ ಮಾರಾಯ. ಹೊಟ್ಟೆಯ ಮೇಲೆ ಅಷ್ಟುದ್ದ ಗೀರು ಇರುವವನಿಗೆ ಯಾರು ಹೆಣ್ಣು ಕೊಡ್ತಾರೆ?"

"ಹೆಣ್ಣು ನೋಡಲಿಕ್ಕೆ ಅಂಗಿ ಹಾಕಿಕೊಂಡೇ ಹೋಗ್ತೇನೆ."

ಗುಲಾಬಿ ನಕ್ಕು, ನಕ್ಕದ್ದಕ್ಕೆ ಅತ್ತಳು. ಪದ್ಮಯ್ಯ ನನ್ನ ಮುಖ ನೋಡಿದ. ನಾನು "ಕೊಡಲಿ" ಎಂದೆ. ಅದನ್ನು ಹೇಳಲು ನನಗೆ ಕಷ್ಟವಾಗಲಿಲ್ಲ. ಕಷ್ಟವಾಗಬೇಕಿತ್ತೋ ಏನೋ.

ಆಸ್ಪತ್ರೆಯಲ್ಲಿ ಕಾಗದಪತ್ರ ನೋಡುವ ಹುಡುಗಿ ಒಬ್ಬಳಿದ್ದಳು. ಅವಳು ಅರ್ಜಿ ನೋಡಿ, "ಅಕ್ಕನ ಮಗನಾ? ಹಾಗಾದ್ರೆ ದೂರದ ಸಂಬಂಧ ಆಯ್ತು. ಸರ್ಕಾರದ ಸಮಿತಿ ಮುಂದೆ ಹೋಗ್ಬೇಕು ಅಂಕಲ್" ಎಂದಳು. ಕಾನೂನಿನಲ್ಲಿ ಹತ್ತಿರದವರು ಎಂದರೆ ಗಂಡ ಹೆಂಡತಿ, ಮಕ್ಕಳು, ತಂದೆತಾಯಿ, ಒಡಹುಟ್ಟಿದವರು. ಅಕ್ಕನ ಮಗ ಆ ಪಟ್ಟಿಯಲ್ಲಿ ಇಲ್ಲ.

"ದೂರವಾ?" ಎಂದ ಪದ್ಮಯ್ಯ. "ಇದಕ್ಕಿಂತ ಹತ್ತಿರ ನಮ್ಮಲ್ಲಿ ಎಂತ ಇಲ್ಲ ಮಗಳೇ."

"ಅದನ್ನ ಅವರ ಹತ್ರ ಹೇಳಿ ಅಂಕಲ್. ದುಡ್ಡಿಗೆ ಕೊಡೋರು ಇರ್ತಾರಲ್ಲ, ಅದಕ್ಕೇ ಕೇಳ್ತಾರೆ. ಪ್ರೀತಿಯಿಂದ ಅಂತ ಅವರಿಗೆ ಅನ್ನಿಸ್ಬೇಕು."

ಎರಡು ಸಾವಿರದ ಆರರ ಫೆಬ್ರವರಿ ಎಂಟನೆಯ ತಾರೀಕು. ಸಮಿತಿಯವರು ನಮ್ಮನ್ನು ಒಬ್ಬೊಬ್ಬರನ್ನಾಗಿ ಒಳಗೆ ಕರೆದರು. ಮೊದಲು ಪದ್ಮಯ್ಯ, ಆಮೇಲೆ ಸುಧಾಕರ, ಕೊನೆಗೆ ನಾನು. ಮೇಜಿನ ಆಚೆ ನಾಲ್ವರು. ಬರೆದುಕೊಳ್ಳುತ್ತಿದ್ದವರು ಒಬ್ಬರು ಹೆಂಗಸು, ನನಗಿಂತ ಸಣ್ಣ ಪ್ರಾಯ. ಹೆಸರು ಕೇಳಿದರು, ಸರಸ ಎಂದೆ. ದಾನಿ ನಿಮಗೆ ಏನಾಗಬೇಕು ಎಂದರು, ಮಗ ಎಂದೆ. ಯಾರಾದರೂ ಒತ್ತಾಯ ಮಾಡಿದ್ದಾರಾ ಎಂದರು, ಇಲ್ಲ ಎಂದೆ.

"ನಿಮ್ಮ ಮಗ ಇದನ್ನ ಯಾಕೆ ಮಾಡ್ತಿದ್ದಾನೆ? ಮಾವನಿಂದ ಅವನಿಗೆ ಏನು ಸಿಗುತ್ತೆ?"

ದೂರದ ಸಂಬಂಧ ಎಂದ ಆ ಹುಡುಗಿಯ ಮಾತು ನನ್ನ ತಲೆಯಲ್ಲಿ ಕೂತಿತ್ತು. ಇವರಿಗೂ ತಿಳಿಯಲಿ ಎಂದು ನಾನು ನೆಟ್ಟಗೆ ಕೂತು ಹೇಳಿದೆ.

"ಎಂತ ಸಿಗುವುದು ಎಂದರೆ? ಮಾವನದ್ದು ಎಲ್ಲ ಅವನಿಗೇ ಅಲ್ವಾ. ನಮ್ಮಲ್ಲಿ ಹಾಗೆಯೇ."

ಪೆನ್ನು ನಿಂತಿತು. "ಎಲ್ಲಾ ಅಂದ್ರೆ?"

"ಎಲ್ಲ ಎಂದರೆ ಎಲ್ಲ. ಮಗಳಿಗಿಂತ ಮೊದಲು ಅವನು."

ಅವರು ಅದನ್ನು ಬರೆದುಕೊಂಡರು. ಪದ್ಮಯ್ಯನ ಹೆಸರಿನಲ್ಲಿ ಆಗ ಏನೂ ಇರಲಿಲ್ಲ. ಮನೆ ಗುಲಾಬಿಯ ಹೆಸರಿನಲ್ಲಿತ್ತು. ಬಸ್ಸು ಮಾಲೀಕರದ್ದು. ನಾನು ಹೇಳಿದ್ದು ಸ್ವತ್ತಿನ ಮಾತೇ ಅಲ್ಲ, ಸಂಬಂಧದ ಮಾತು. ನಮ್ಮ ಕಡೆಯ ಯಾರಿಗೆ ಹೇಳಿದರೂ ಅರ್ಥ ಆಗುತ್ತಿತ್ತು.

ಹೆಬ್ಬೆಟ್ಟು ಒತ್ತಲು ಶಾಯಿಯ ಡಬ್ಬಿ ನನ್ನ ಕಡೆ ದೂಡಿದರು. ನಾನು ಪೆನ್ನು ಕೇಳಿ ತೆಗೆದುಕೊಂಡು ಕನ್ನಡದಲ್ಲಿ ಸಹಿ ಮಾಡಿದೆ. ತೊಂಬತ್ತರಲ್ಲಿ ನಮ್ಮ ಊರಿಗೆ ಸಾಕ್ಷರತೆಯ ರಾತ್ರಿ ತರಗತಿ ಬಂದಾಗ ನಲವತ್ತೈದನೆಯ ವಯಸ್ಸಿನಲ್ಲಿ ಕಲಿತ ಅಕ್ಷರ. ಆಗ ಪದ್ಮಯ್ಯ ತಮಾಷೆ ಮಾಡಿದ್ದ: "ಅಕ್ಕ ಇನ್ನು ಬೋರ್ಡು ಓದಿ ಬಸ್ಸು ಹತ್ತಬಹುದು. ನನ್ನ ಮುಖ ನೋಡಿ ಹತ್ತುವುದು ಬೇಡ." ಸಹಿ ಮಾಡಿ ಹೊರಗೆ ಬಂದಾಗ ನನಗೆ ಹೆಮ್ಮೆಯೇ ಆಗಿತ್ತು.

ಮೂರನೆಯ ದಿನ ಆಸ್ಪತ್ರೆಯ ಹುಡುಗಿ ಫೋನ್ ಮಾಡಿದಳು. ಅನುಮತಿ ಸಿಕ್ಕಿಲ್ಲ, ಇನ್ನಷ್ಟು ದಾಖಲೆ ಬೇಕಂತೆ, ಪತ್ರ ಅಂಚೆಯಲ್ಲಿ ಬರುತ್ತದೆ. ಪತ್ರ ಮೂಡುಬಿದಿರೆಯ ಮನೆಗೆ ಬಂತು. ಸುಧಾಕರ ಓದಿ, ಮಡಚಿ ಅಂಗಿಯ ಕಿಸೆಗೆ ಹಾಕಿಕೊಂಡ. "ವಂಶವೃಕ್ಷ ಬೇಕಂತೆ. ಒಟ್ಟಿಗೆ ಇರುವ ಹಳೆಯ ಫೋಟೋ ಬೇಕಂತೆ. ಸ್ವತ್ತಿನ ಬಗ್ಗೆ ಮಾವನ, ಅತ್ತೆಯ ಅಫಿಡವಿಟ್ ಬೇಕಂತೆ" ಎಂದ.

"ಸ್ವತ್ತಿನ ಬಗ್ಗೆ ಯಾಕೆ?" ಎಂದೆ.

"ಕೇಳ್ತಾರಮ್ಮ. ಎಲ್ಲರ ಹತ್ತಿರವೂ ಕೇಳ್ತಾರೆ."

ನಿಂತ ಪೆನ್ನು ನನಗೆ ಆಗ ನೆನಪಾಯಿತು.

ವಂಶವೃಕ್ಷಕ್ಕೆ ಬೆಳ್ತಂಗಡಿ ತಾಲೂಕಿಗೆ ಹೋಗಬೇಕಾಯಿತು. ನಮ್ಮ ಕುಟುಂಬದ ಮೂಲಮನೆ ವೇಣೂರಿನ ಹತ್ತಿರ. ಅಲ್ಲಿಯ ಗ್ರಾಮಕರಣಿಕ ಹುಕ್ರಪ್ಪ ಫಾರ್ಮು ತೆಗೆದು ಮೇಜಿನ ಮೇಲೆ ಇಟ್ಟ. ಮೇಲೆ ಒಬ್ಬ ಗಂಡಸಿನ ಹೆಸರು, ಅವನ ಕೆಳಗೆ ಮಕ್ಕಳು, ಗಂಡು ಮಕ್ಕಳ ಕೆಳಗೆ ಅವರ ಮಕ್ಕಳು.

"ನಿಮ್ಮ ಅಪ್ಪನನ್ನು ಮೇಲೆ ಇಟ್ಟರೆ ನೀವಿಬ್ಬರು ಬರ್ತೀರಿ ಸರಸಕ್ಕ. ಸುಧಾಕರ ಬರುವುದಿಲ್ಲ. ಅವನು ಅವನ ಅಪ್ಪನ ಮರದಲ್ಲಿ."

"ನಮ್ಮ ಮರ ಹೀಗೆ ಅಲ್ಲ ಹುಕ್ರಪ್ಪಣ್ಣ. ಅಮ್ಮನನ್ನು ಮೇಲೆ ಇಡಿ."

"ನನಗೆ ಗೊತ್ತಿಲ್ವಾ? ನನ್ನದೂ ಹಾಗೆಯೇ. ಫಾರ್ಮಿಗೆ ಗೊತ್ತಿಲ್ಲ."

ಅವನು ಒಳ್ಳೆಯವನು. ಬಿಳಿ ಹಾಳೆಯಲ್ಲಿ ನಮ್ಮ ಅಜ್ಜಿಯನ್ನು ಮೇಲಿಟ್ಟು, ಅಮ್ಮ, ನಾನು, ಪದ್ಮಯ್ಯ, ನನ್ನ ಕೆಳಗೆ ಸುಧಾಕರ ಎಂದು ಸ್ಕೇಲು ಹಿಡಿದು ಗೆರೆ ಎಳೆದ. ಅದಕ್ಕೆ ತಾಲೂಕು ಕಚೇರಿಯ ಮೊಹರು ಬೀಳಬೇಕು. ಅಲ್ಲಿ ಇದು ನಮೂನೆಯಲ್ಲಿ ಇಲ್ಲ ಎಂದು ಎರಡು ಸಲ ಹಿಂದೆ ಕಳಿಸಿದರು. ಒಮ್ಮೆ ಚುನಾವಣೆಯ ಕೆಲಸ, ಒಮ್ಮೆ ಸಾಹೇಬರಿಗೆ ರಜೆ. ನಾನು ಬೆಳ್ತಂಗಡಿಗೆ ಒಂಬತ್ತು ಸಲ ಹೋದೆ. ಕಾಯುವುದು ನನಗೆ ಹೊಸತಲ್ಲ. ಬೆಂಚಿನ ಮೇಲೆ ಕೂತು ಗೋಡೆಯ ಬೋರ್ಡುಗಳನ್ನು ಓದುತ್ತಿದ್ದೆ.

ಫೋಟೋ ನಮ್ಮಲ್ಲಿ ಯಾರ ಹತ್ತಿರವೂ ಇರಲಿಲ್ಲ. ಮೊಯಿದಿನಬ್ಬ ಹುಡುಕಿ ತಂದ. ಅವನ ತಮ್ಮ ಗಲ್ಫಿನಿಂದ ಮೊದಲ ಸಲ ಬಂದಾಗ ಕ್ಯಾಮರಾ ತಂದು ಸಿಕ್ಕವರನ್ನೆಲ್ಲ ತೆಗೆದಿದ್ದನಂತೆ. ಡ್ರೈವರ್ ಸೀಟಿನಲ್ಲಿ ಪದ್ಮಯ್ಯ, ಅವನ ತೊಡೆಯ ಮೇಲೆ ಆರು ವರ್ಷದ ಸುಧಾಕರ, ಎರಡೂ ಕೈಯಲ್ಲಿ ಸ್ಟೇರಿಂಗ್ ಹಿಡಿದು ಬಾಯಿ ಕಳೆದಿದ್ದಾನೆ.

"ಇದರಲ್ಲಿ ಪ್ರೀತಿ ಕಾಣ್ತದಾ ನೋಡಿ ಸರಸಕ್ಕ" ಎಂದ ಮೊಯಿದಿನಬ್ಬ. "ನನಗೆ ಕಾಣುವುದು ಲೈಸೆನ್ಸ್ ಇಲ್ಲದ ಡ್ರೈವರ್ ಮಾತ್ರ."

ಅನುಮತಿ ಬಂದದ್ದು ಮಾರ್ಚ್ ಇಪ್ಪತ್ತನಾಲ್ಕಕ್ಕೆ. ಫೆಬ್ರವರಿ ಎಂಟರಿಂದ ಲೆಕ್ಕ ಹಾಕಿದರೆ ನಲವತ್ತನಾಲ್ಕು ದಿನ. ನಾಲ್ಕು ದಿನ ಬಿಟ್ಟು ಆಪರೇಷನ್ ಮಾಡಿದರು. ಬೆಳಿಗ್ಗೆ ಆರಕ್ಕೆ ಸುಧಾಕರನನ್ನು ಕರೆದುಕೊಂಡು ಹೋದರು, ಎಂಟಕ್ಕೆ ಪದ್ಮಯ್ಯನನ್ನು. ಗುಲಾಬಿ ದೇವರ ಹೆಸರು ಹೇಳುತ್ತಾ ಕೂತಳು. ನನಗೆ ಯಾವ ದೇವರ ಹೆಸರೂ ನೆನಪಾಗಲಿಲ್ಲ. ಎದುರಿನ ಗೋಡೆಯಲ್ಲಿ ಬೆಂಕಿ ಬಿದ್ದರೆ ಎಂತ ಮಾಡಬೇಕು ಎಂದು ಬರೆದಿತ್ತು. ಸಂಜೆಯವರೆಗೆ ಅದನ್ನೇ ಓದಿದೆ.

ಇಬ್ಬರೂ ಬದುಕಿದರು. ಹನ್ನೆರಡನೆಯ ದಿನ ಡಾಕ್ಟರು ನನ್ನನ್ನೂ ಸುಧಾಕರನನ್ನೂ ತಮ್ಮ ಕೋಣೆಗೆ ಕರೆದರು. ಸುಧಾಕರ ಹೊಟ್ಟೆಗೆ ಕೈ ಕೊಟ್ಟು ಮೆಲ್ಲ ಬಂದು ಕೂತ.

"ತೆಗೆದ ಲಿವರ್‌ನ ಪೂರ್ತಿ ಕತ್ತರಿಸಿ ಪರೀಕ್ಷೆ ಮಾಡಿದ್ವಿ ಅಮ್ಮ" ಎಂದರು. "ನಾವು ಅಂದುಕೊಂಡಿದ್ದು ಒಂದು ತರಹದ ಕ್ಯಾನ್ಸರ್. ಇದರಲ್ಲಿ ಎರಡಿದೆ. ಲಿವರ್‌ದೂ ಇದೆ, ಪಿತ್ತ ಹರಿಯೋ ನಾಳದ್ದೂ ಇದೆ. ಒಂದೇ ಗಡ್ಡೆಯಲ್ಲಿ ಎರಡೂ ಕಲಸಿಕೊಂಡಿದೆ. ತುಂಬಾ ಅಪರೂಪ."

"ಸೂಜಿ ಹಾಕಿ ನೋಡಿದ್ದಿರಲ್ಲ ಡಾಕ್ಟ್ರೇ?"

"ಸೂಜಿ ಹೋಗೋದು ಒಂದು ಕಡೆಗೆ. ಅಲ್ಲಿ ಏನಿತ್ತೋ ಅದು ಬಂತು."

ಇದು ನನಗೆ ಬೇರೆಯವರು ಬಿಡಿಸಿ ಹೇಳಬೇಕಾಗಿರಲಿಲ್ಲ. ನಾವು ಕಟ್ಟಿದ ಬೀಡಿ ಕೊಡುವ ಬ್ರಾಂಚಿನಲ್ಲಿ ಚೆಕ್ಕರ್ ನೋಣಯ್ಯ ಇಪ್ಪತ್ತೈದರ ಕಟ್ಟಿನಿಂದ ಒಂದು ಬೀಡಿ ಎಳೆದು, ಬೆರಳಲ್ಲಿ ಒತ್ತಿ ನೋಡಿ, ಕಟ್ಟು ಪಾಸು ಮಾಡುತ್ತಾನೆ. ಅವನು ಎಳೆಯುವುದು ಹೊರಗಿನ ಸುತ್ತಿನದ್ದು. ಎಲೆ ಸರಿ ಇಲ್ಲದ ವಾರ ನಾವೆಲ್ಲ ಸಡಿಲ ಬೀಡಿಯನ್ನು ನಡುವಿನಲ್ಲಿ ಇಟ್ಟು ಕಟ್ಟುತ್ತಿದ್ದೆವು. ನಾನೂ ಇಟ್ಟಿದ್ದೇನೆ. ನೋಣಯ್ಯನ ತಪ್ಪು ಅದರಲ್ಲಿ ಏನೂ ಇಲ್ಲ.

"ಈಗ ಎಂತ ಆಗ್ತದೆ?" ಎಂದ ಸುಧಾಕರ.

"ಮೊದಲಿನ ತರಹದ್ದೇ ಆಗಿದ್ರೆ ಧೈರ್ಯವಾಗಿ ಹೇಳ್ತಿದ್ದೆ. ಇದು ವಾಪಸ್ ಬರೋ ಸಾಧ್ಯತೆ ಅದಕ್ಕಿಂತ ಜಾಸ್ತಿ. ನಿಜ ಹೇಳ್ಬೇಕು ಅಂದ್ರೆ, ಮೊದಲೇ ಗೊತ್ತಾಗಿದ್ರೆ ನಾವು ಟ್ರಾನ್ಸ್‌ಪ್ಲಾಂಟ್ ಮಾಡ್ತಿದ್ವೋ ಇಲ್ವೋ." ಅವರು ಸುಧಾಕರನ ಕಡೆ ನೋಡಿ ಕಣ್ಣು ಬೇರೆ ಕಡೆ ತಿರುಗಿಸಿದರು. "ಗಡ್ಡೆ ನಾಲ್ಕು ಸೆಂಟಿಮೀಟರ್ ದಾಟಿತ್ತು. ಒಂದು ಸಣ್ಣ ರಕ್ತನಾಳದ ಒಳಗೂ ಸ್ವಲ್ಪ ಕಾಣಿಸ್ತು."

ನಾನು ಕೇಳಿದೆ. "ಅದು ನಾಳದ ಒಳಗೆ ಹೋದದ್ದು ಯಾವಾಗ? ಫೆಬ್ರವರಿ ಎಂಟನೇ ತಾರೀಕಿನ ಮೊದಲಾ, ನಂತರವಾ?"

"ಅದನ್ನ ಯಾರೂ ಹೇಳಕ್ಕಾಗಲ್ಲ ಅಮ್ಮ."

"ನಲವತ್ತನಾಲ್ಕು ದಿನ ಮೊದಲು ಮಾಡಿದ್ದರೆ?"

"ಒಳ್ಳೇದಾಗ್ತಿತ್ತೇನೋ. ಏನೂ ವ್ಯತ್ಯಾಸ ಆಗ್ತಿರಲಿಲ್ಲವೇನೋ. ನಿಮ್ಮ ಹಾಗೆ ತೆಗೆದ ಮೇಲೆ ಗೊತ್ತಾದವರು ಇಡೀ ಪ್ರಪಂಚದಲ್ಲೇ ಕಮ್ಮಿ. ಲೆಕ್ಕ ಹಾಕೋಷ್ಟು ಜನ ಇಲ್ಲ. ನಾನು ನೋಡಿದವರಲ್ಲಿ ನಿಮ್ಮ ತಮ್ಮ ಮೂರನೆಯವರು."

"ಮತ್ತಿಬ್ಬರು?"

ಅವರು ಸ್ವಲ್ಪ ಹೊತ್ತು ಪೆನ್ನಿನ ಮುಚ್ಚಳ ತಿರುಗಿಸಿದರು. "ಒಬ್ಬರು ಚೆನ್ನಾಗಿದ್ದಾರೆ. ಆರು ತಿಂಗಳಿಗೊಮ್ಮೆ ಬಂದು ತೋರಿಸಿಕೊಂಡು ಹೋಗ್ತಾರೆ. ಒಬ್ಬರು ವರ್ಷದೊಳಗೆ ಹೋದ್ರು."

ಒಂದು ಆ ಕಡೆ, ಒಂದು ಈ ಕಡೆ. ನಾನು ಎದ್ದು ಕೈಮುಗಿದೆ.

ಡಾಕ್ಟರು ಪದ್ಮಯ್ಯನಿಗೂ ಎಲ್ಲ ಹೇಳಿದರು. ಅವನು ಕೇಳಿ, "ಒಂದೇ ಬಸ್ಸಿಗೆ ಎರಡು ಪರ್ಮಿಟ್ಟು. ಆರ್.ಟಿ.ಓ. ಹಿಡಿಯದೆ ಇರ್ತಾನಾ" ಎಂದನಂತೆ.

ಊರಿಗೆ ಬಂದ ಮೇಲೆ ಅವನಿಗೆ ಬಸ್ಸು ಬಿಡುವ ಹಾಗಿರಲಿಲ್ಲ. ಬೆಳಿಗ್ಗೆ ಮುಖಕ್ಕೆ ಮಾಸ್ಕು ಕಟ್ಟಿಕೊಂಡು ಮೊಯಿದಿನಬ್ಬನ ಅಂಗಡಿಯ ಬೆಂಚಿನಲ್ಲಿ ಕೂರುತ್ತಿದ್ದ. ಬಂದವರಿಗೆಲ್ಲ ಬಸ್ಸಿನ ಸಮಯ ಹೇಳುತ್ತಿದ್ದ. ತನ್ನ ಬಸ್ಸು ಬೇರೆಯವನ ಕೈಯಲ್ಲಿ ಬಂದರೆ ಗೇರು ಬದಲಿಸುವ ಶಬ್ದ ಕೇಳಿ ಮುಖ ಸಿಂಡರಿಸುತ್ತಿದ್ದ. ಬಣ್ಣ ತಿರುಗಿತು, ಕೆನ್ನೆ ತುಂಬಿತು.

"ಇವನ ಹೊಟ್ಟೆಯಲ್ಲಿ ಸುಧಾಕರ ಕೂತಿದ್ದಾನೆ" ಎನ್ನುತ್ತಿದ್ದ ಮೊಯಿದಿನಬ್ಬ. "ಮೊದಲು ಹೀರೆಕಾಯಿ ಅಂದರೆ ಬಿಡ್ತಿರಲಿಲ್ಲ. ಈಗ ಬೇಡವಂತೆ. ಅಳಿಯನಿಗೆ ಸೇರುವುದಿಲ್ಲವಂತೆ."

"ನಿನ್ನ ಚಾ ಕೂಡ ಅಳಿಯನಿಗೆ ಸೇರುವುದಿಲ್ಲ" ಎನ್ನುತ್ತಿದ್ದ ಪದ್ಮಯ್ಯ. "ಮಾವನ ಮರ್ಯಾದೆಗೆ ಸುಮ್ಮನೆ ಇದ್ದಾನೆ."

ನಾನು ವಾರಕ್ಕೊಮ್ಮೆ ಬಂಟ್ವಾಳದಿಂದ ಸಿದ್ಧಕಟ್ಟೆಯ ಮೇಲಾಗಿ ಬಸ್ಸಿನಲ್ಲಿ ಬಂದು ಅವರ ಜೊತೆ ಕೂತು ಹೋಗುತ್ತಿದ್ದೆ. ಒಂಬತ್ತು ತಿಂಗಳು ಹಾಗೆಯೇ ಹೋಯಿತು. ಸಾತ್ವಿಕಾ ಪಿಯುಸಿಗೆ ಸೇರಿದಳು. ಅಂಗಿ ಹಾಕಿಕೊಂಡು ಹೋಗಿ ನೋಡಿದ ಎರಡು ಹೆಣ್ಣುಗಳ ಮನೆಯವರು ಸುಧಾಕರನನ್ನು ಬೇಡ ಎಂದರು. ಅಂಗಿಯ ಒಳಗಿನದ್ದು ಅವರಿಗೆ ಮೊದಲೇ ತಿಳಿದಿತ್ತು.

ಹತ್ತನೆಯ ತಿಂಗಳ ಸ್ಕ್ಯಾನಿನಲ್ಲಿ ಪುನಃ ಕಂಡಿತು. ಹೊಸ ಲಿವರಿನಲ್ಲೇ, ಎಂದರೆ ಸುಧಾಕರ ಕೊಟ್ಟ ತುಂಡಿನಲ್ಲಿ, ಎರಡು ಕಡೆ. ಹೊಟ್ಟೆಯ ಒಳಗೆ ಬೇರೆ ಗಂಟುಗಳಲ್ಲೂ. ಮಾತ್ರೆ ಕೊಟ್ಟರು. ಮಾತ್ರೆಗೆ ಅಂಗೈ ಸಿಪ್ಪೆ ಸುಲಿಯಿತು, ಗಡ್ಡೆ ಬೆಳೆಯಿತು.

ಎರಡು ಸಾವಿರದ ಏಳರ ಜೂನಿನಲ್ಲಿ ಒಂದು ಮಧ್ಯಾಹ್ನ ಜಗಲಿಯಲ್ಲಿ ನಾವಿಬ್ಬರೇ ಇದ್ದೆವು. ಅವನು ಒರಗು ಕುರ್ಚಿಯಲ್ಲಿ, ನಾನು ಕೆಳಗೆ ಬೀಡಿಯ ಎಲೆ ಕತ್ತರಿಸುತ್ತಾ. ಅವನಿಗೆ ತಿಳಿಯದೆ ಹೋಗುವುದು ಬೇಡ ಎಂದು ತೋರಿತು. ಹೇಳಿಬಿಟ್ಟೆ. ಸಮಿತಿಯವರು ಎಂತ ಕೇಳಿದರು, ನಾನು ಎಂತ ಹೇಳಿದೆ, ಪೆನ್ನು ಹೇಗೆ ನಿಂತಿತು.

"ನನ್ನ ಬಾಯಿಯಿಂದ ತಡವಾದದ್ದು" ಎಂದೆ. "ಅವರಿಗೆ ನಾನು ಲಿವರ್ ಮಾರಿದ ಹಾಗೆ ಕೇಳಿರಬೇಕು."

ಅವನು ಕಣ್ಣು ಮುಚ್ಚಿಕೊಂಡೇ ನಕ್ಕ. "ನೀನು ದೊಡ್ಡ ಜನ ಆಗಬೇಡ ಅಕ್ಕ. ಮೊದಲು ಹೇಳಿದ್ದು ನಾನು."

"ಎಂತ?"

"ಅದೇ. ಹುಡುಗನಿಗೆ ಎಂತ ಕೊಡ್ತೀಯ ಅಂತ ಕೇಳಿದರು. ನನ್ನದು ಎಂತ ಉಂಟೋ ಎಲ್ಲ ಅವನಿಗೇ, ನಮ್ಮ ಕಟ್ಟು ಹಾಗೆ ಅಂದೆ. ನೀನು ಒಳಗೆ ಹೋಗುವ ಮೊದಲೇ ಕೆಟ್ಟಿತ್ತು. ಒಂದೇ ಅಮ್ಮನ ಮಕ್ಕಳಲ್ವಾ, ಬೇರೆ ಬೇರೆ ಬುದ್ಧಿ ಎಲ್ಲಿಂದ ಬರಬೇಕು?"

"ನಿಜವಾ?"

"ಬೆಳ್ತಂಗಡಿ ಸ್ಟ್ಯಾಂಡಿನಲ್ಲಿ ನಿಂತು ಹೇಳಬೇಕಾ?"

ನಾನು ಎಲೆ ಕತ್ತರಿಸಿದೆ. ಸ್ವಲ್ಪ ಹೊತ್ತಿಗೆ ಅವನಿಗೆ ನಿದ್ರೆ ಬಂತು. ಆ ದಿನ ಅಲ್ಲೇ ಊಟ ಮಾಡಿದೆ. ಅನ್ನದ ರುಚಿ ತಿಳಿಯಿತು. ಒಂದೂವರೆ ವರ್ಷದಲ್ಲಿ ಅದು ಮೊದಲು.

ಪದ್ಮಯ್ಯ ನವೆಂಬರಿನಲ್ಲಿ ತೀರಿದ. ಆಪರೇಷನ್ ಆಗಿ ಇಪ್ಪತ್ತು ತಿಂಗಳಿಗೆ. ಕೊನೆಯ ಎರಡು ವಾರ ಯಾರನ್ನೂ ಗುರುತಿಸಲಿಲ್ಲ. ಕೈ ಮಾತ್ರ ಆಗಾಗ ಗೇರು ಹುಡುಕುತ್ತಿತ್ತು. ಬಾಯಿಗೆ ನೀರು ಬಿಟ್ಟವನು ಸುಧಾಕರ. ನಮ್ಮ ಲೆಕ್ಕದಲ್ಲಿ ಸೂತಕವೂ ಅವನಿಗೇ. ತಲೆ ಬೋಳಿಸಿಕೊಂಡು ಅಂಗಿ ಇಲ್ಲದೆ ಅಂಗಳದಲ್ಲಿ ನಿಂತಾಗ ಹೊಟ್ಟೆಯ ಗೀರು ಎಲ್ಲರಿಗೂ ಕಂಡಿತು. ನನಗೆ ಅಳು ಬರಲಿಲ್ಲ. ಗುಲಾಬಿಯ ಅಕ್ಕ, "ಸರಸನದ್ದು ಕಲ್ಲೆದೆ" ಎಂದು ನನಗೆ ಕೇಳುವ ಹಾಗೆಯೇ ಹೇಳಿದಳು. ಇರಬಹುದು.

ಉತ್ತರಕ್ರಿಯೆಯ ಬೊಜ್ಜ ಮುಗಿದ ಮರುದಿನ ಗುಲಾಬಿ ಒಂದು ಪ್ಲಾಸ್ಟಿಕ್ ಚೀಲ ತಂದು ನನ್ನ ಎದುರು ಇಟ್ಟಳು. "ಆಸ್ಪತ್ರೆಯ ಕಾಗದಗಳು ಅತ್ತಿಗೆ. ಯಾವುದು ಬೇಕು, ಯಾವುದು ಒಲೆಗೆ ಹಾಕಬಹುದು ನೋಡಿ. ನನಗೆ ಅದನ್ನು ಮುಟ್ಟಲಿಕ್ಕೆ ಆಗುವುದಿಲ್ಲ."

ಹೆಚ್ಚಿನದ್ದೆಲ್ಲ ಇಂಗ್ಲಿಷು. ಅದರ ನಡುವೆ ಒಂದು ಕನ್ನಡದ ಪತ್ರ, ಮೇಲೆ ಸರ್ಕಾರದ ಮೊಹರು. ಎರಡು ಮಡಿಕೆ ಬಿದ್ದು ಗೆರೆಯಲ್ಲಿ ಸವೆದಿತ್ತು. ಫೆಬ್ರವರಿಯಲ್ಲಿ ಸುಧಾಕರ ಕಿಸೆಗೆ ಹಾಕಿಕೊಂಡ ಪತ್ರ. ಕಚೇರಿಯ ಕನ್ನಡ ಉದ್ದುದ್ದ ಇರುತ್ತದೆ. ನಾನು ಬೆರಳು ಇಟ್ಟುಕೊಂಡು ಒಂದೊಂದೇ ಪದ ಓದಿದೆ.

ರೋಗಿಯ ಹೇಳಿಕೆ: ದಾನಿಗೆ ಯಾವುದೇ ಹಣ, ಸ್ವತ್ತು ಅಥವಾ ಪ್ರತಿಫಲವನ್ನು ಕೊಟ್ಟಿರುವುದಿಲ್ಲ, ಕೊಡುವುದಾಗಿಯೂ ಹೇಳಿರುವುದಿಲ್ಲ. ತಾನು ಸಾಕಿದ ಹುಡುಗ, ಪ್ರೀತಿಯಿಂದ ಕೊಡುತ್ತಿದ್ದಾನೆ ಎಂದು ತಿಳಿಸಿರುತ್ತಾರೆ.

ದಾನಿಯ ಹೇಳಿಕೆ: ಮೇಲಿನಂತೆ.

ದಾನಿಯ ತಾಯಿಯ ಹೇಳಿಕೆ: ರೋಗಿಗೆ ಸೇರಿದ ಸಮಸ್ತವೂ ಮಗಳಿಗಿಂತ ಮೊದಲು ದಾನಿಗೆ ಸಲ್ಲತಕ್ಕದ್ದೆಂದು ತಿಳಿಸಿರುತ್ತಾರೆ. ಸದರಿ ಹೇಳಿಕೆಯ ಹಿನ್ನೆಲೆಯಲ್ಲಿ ಈ ಪ್ರಕರಣದಲ್ಲಿ ಹೆಚ್ಚಿನ ದಾಖಲೆಗಳ ಪರಿಶೀಲನೆ ಅಗತ್ಯವೆಂದು ಅಭಿಪ್ರಾಯಪಟ್ಟು ಮುಂದೂಡಲಾಗಿದೆ.

ಮೂರು ಸಲ ಓದಿದೆ. ಮೂರು ಸಲವೂ ಅದೇ ಇತ್ತು. ಪದ್ಮಯ್ಯ ಅವರ ಹತ್ತಿರ ನಿಜ ಹೇಳಿದ್ದ, ನನ್ನ ಹತ್ತಿರ ಹೇಳಿರಲಿಲ್ಲ. ಎರಡು ವರ್ಷ ಈ ಕಾಗದ ಈ ಮನೆಯಲ್ಲೇ ಇತ್ತು. ಸುಧಾಕರನೂ ಓದಿದ್ದ.

ಬಾಗಿಲಲ್ಲಿ ನೆರಳು ಬಂತು. ಸುಧಾಕರ ನಿಂತಿದ್ದ. ನನ್ನ ಕೈಯಲ್ಲಿದ್ದ ಪತ್ರ ನೋಡಿದ.

"ಓದಿದಿಯಾ?"

"ಇಲ್ಲ. ಕನ್ನಡಕ ತರಲಿಲ್ಲ" ಎಂದೆ.

ಅವನು ಬಗ್ಗಿ ಪತ್ರ ತೆಗೆದುಕೊಂಡು, ಹಳೆಯ ಮಡಿಕೆಯಲ್ಲೇ ಮಡಚಿ, ಕಿಸೆಗೆ ಹಾಕಿಕೊಂಡ. "ಹಳೆಯ ಕಾಗದ. ಬೇಕಾದ್ದಲ್ಲ. ಹೋಗುವ ಅಮ್ಮ, ಸಿದ್ಧಕಟ್ಟೆಯ ಬಸ್ಸಿಗೆ ಹೊತ್ತಾಯಿತು."

ಮೊಯಿದಿನಬ್ಬನ ಅಂಗಡಿಯ ಎದುರು ಬಸ್ಸಿಗೆ ಕಾದೆವು. ಬೆಂಚಿನಲ್ಲಿ ಯಾರೂ ಕೂತಿರಲಿಲ್ಲ. ಮೊಯಿದಿನಬ್ಬ ಕೇಳದೆಯೇ ಎರಡು ಚಾ ತಂದುಕೊಟ್ಟು ಒಳಗೆ ಹೋದ. ಬಸ್ಸು ಬಂತು. ಸುಧಾಕರ ಕಂಡಕ್ಟರಿನ ಹತ್ತಿರ ಬಂಟ್ವಾಳಕ್ಕೆ ಎರಡು ಕೇಳಿದ. ಹೊರಗೆ ನೋಡುತ್ತಾ ಕೂತೆವು. ಅಂಗಡಿಗಳ ಬೋರ್ಡುಗಳನ್ನು ನಾನು ಒಂದೊಂದಾಗಿ ಓದುತ್ತಿದ್ದೆ. ಅಭ್ಯಾಸ.

ಸಿದ್ಧಕಟ್ಟೆ ದಾಟಿದ ಮೇಲೆ ಅವನು ಕಿಟಕಿಯಿಂದ ಮುಖ ತಿರುಗಿಸದೆ ಹೇಳಿದ.

"ಕನ್ನಡಕ ಮೂಗಿನ ಮೇಲೆಯೇ ಉಂಟು ಅಮ್ಮ."

"ಹೌದಾ" ಎಂದೆ.